ಇಮ್ಯುನಿಟಿ ಅಂದರೆ ಯಾವುದರಿಂದ? ಕೋರ್ಟು, ದೇಹ, ಪುಡಿ ಡಬ್ಬಿ

ಜೀವಶಾಸ್ತ್ರ ಮೇಷ್ಟ್ರು, ಕಲಬುರಗಿ

ಎಲ್ಲರಿಗೂ ಶರಣು.

ಸೆಕೆಂಡ್ ಪಿಯು ಮಕ್ಕಳಿಗೆ ಈಗ ರೋಗನಿರೋಧಕ ಶಕ್ತಿಯ, ಅಂದರೆ ಇಮ್ಯುನಿಟಿಯ ಪಾಠ ನಡೆಯುತ್ತಿದೆ. ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ರಾಜ್ಯಪಾಲರಿಗೆ ಇಮ್ಯುನಿಟಿ ಇದೆ ಅಂತ ಪೇಪರಲ್ಲಿ ಬರುತ್ತೆ. ಅಂಗಡಿಯಲ್ಲಿ ಇಮ್ಯುನಿಟಿ ಪುಡಿ ಮಾರ್ತಾರೆ. ನೀವು ಹೇಳೋದೂ ಅದೇನಾ?"

ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಇಷ್ಟು. ಈ ಮಾತು ಎಲ್ಲಿ ಕೇಳಿದರೂ ಮೊದಲು "ಯಾವುದರಿಂದ ರಕ್ಷಣೆ?" ಅಂತ ಕೇಳಬೇಕು. ನೇರ ಉತ್ತರ ಬಂದರೆ ಮುಂದಿನ ಮಾತು. ಬರದಿದ್ದರೆ ದುಡ್ಡು ಕೊಡಬೇಡಿ.

ದೇಹದ ಮಟ್ಟಿಗೆ ಇದನ್ನು ತೋರಿಸಲು ನಾನು ಪ್ರತಿ ವರ್ಷ ಫ್ಯಾರೋ ದ್ವೀಪಗಳ ಕಥೆ ಹೇಳುತ್ತೇನೆ. ಅವು ಉತ್ತರ ಅಟ್ಲಾಂಟಿಕ್ ಸಮುದ್ರದ ನಡುವಿನ ಪುಟ್ಟ ದ್ವೀಪಗಳು. 1781ರಲ್ಲಿ ಅಲ್ಲಿಗೆ ದಡಾರ ಬಂದು ಹೋಯಿತು. ಆಮೇಲೆ 65 ವರ್ಷ ಆ ರೋಗದ ಸುಳಿವೇ ಇರಲಿಲ್ಲ. 1846ರಲ್ಲಿ ಹಡಗಿನಲ್ಲಿ ಬಂದ ಒಬ್ಬನಿಂದ ಮತ್ತೆ ಹಬ್ಬಿತು. ಸುಮಾರು 7,800 ಜನರಿದ್ದರು, ಅವರಲ್ಲಿ 6,000ದಷ್ಟು ಜನ ಹಾಸಿಗೆ ಹಿಡಿದರು. ಪೀಟರ್ ಪಾನುಮ್ ಅಂತ ಡೆನ್ಮಾರ್ಕಿನ ಒಬ್ಬ ಯುವ ಡಾಕ್ಟರ್ ಅಲ್ಲಿಗೆ ಹೋಗಿ ಊರೂರು ತಿರುಗಿ ಎಲ್ಲ ಬರೆದುಕೊಂಡರು. ಚಿಕ್ಕವರಿದ್ದಾಗ, ಅಂದರೆ 1781ರಲ್ಲಿ, ದಡಾರ ಬಂದು ಬದುಕಿ ಉಳಿದ ಮುದುಕರಲ್ಲಿ ಒಬ್ಬರಿಗೂ ಈ ಸಲ ಬರಲಿಲ್ಲ. ಅವರದೇ ವಯಸ್ಸಿನ, ಆಗ ತಪ್ಪಿಸಿಕೊಂಡಿದ್ದ ಮುದುಕರಿಗೆ ಈಗ ಬಂತು.

ಇಬ್ಬರೂ ತಿಂದ ಅನ್ನ ಒಂದೇ, ಗಾಳಿ ಒಂದೇ. ವ್ಯತ್ಯಾಸ ಇದ್ದದ್ದು ರಕ್ತದೊಳಗಿನ ನೆನಪಿನಲ್ಲಿ. ಆ ನೆನಪು ದಡಾರದ್ದು ಮಾತ್ರ. ಬೇರೆ ಜ್ವರ, ನೆಗಡಿ ಅವರಿಗೂ ಬರುತ್ತಲೇ ಇದ್ದವು.

ಪುಡಿ ಡಬ್ಬಿಯ ಮೇಲೆ ಯಾವ ರೋಗದ ಹೆಸರೂ ಇರುವುದಿಲ್ಲ. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯ 76 ವರ್ಷದ ಹಿರಿಯರೊಬ್ಬರದು. ಊರಿಗೆ ಊರೇ ಹೆದರಿ ಕಷಾಯ ಕುದಿಸಿತು. ಹೆದರಿದವರನ್ನು ನಾನು ಏನೂ ಅನ್ನುವುದಿಲ್ಲ. ಆ ಹೆದರಿಕೆಯನ್ನು ಡಬ್ಬಿಯಲ್ಲಿ ತುಂಬಿ ಮಾರಿದವರ ಮೇಲೆ ಮಾತ್ರ ಇವತ್ತಿಗೂ ಸಿಟ್ಟಿದೆ.

ವಕೀಲರು, ಆಸ್ಪತ್ರೆಯವರು ಇಲ್ಲಿದ್ದೀರಿ. ನಿಮ್ಮ ಕಡೆಯ ಮಾತೂ ಬರೆಯಿರಿ. ಮಕ್ಕಳಿಗೆ ಓದಿ ಹೇಳುತ್ತೇನೆ.

ಔಷಧಿ ಅಂಗಡಿ, ಸೂಪರ್ ಮಾರ್ಕೆಟ್

ಸರ್, ನಾನೂ ಆ ಡಬ್ಬಿಗಳನ್ನು ಇಡುತ್ತೇನೆ, ಗಿರಾಕಿ ಕೇಳುತ್ತಾರೆ. ಆದರೆ ಕೇಳಿದವರಿಗೆ ನಿಜ ಹೇಳುತ್ತೇನೆ. ಸಕ್ಕರೆ ಕಾಯಿಲೆ ಇರುವವರು ಬಂದು ಇಮ್ಯುನಿಟಿಗೆ ಅಂತ ಚ್ಯವನಪ್ರಾಶ ಕೇಳುತ್ತಾರೆ. ಡಬ್ಬಿ ತಿರುಗಿಸಿ ಹಿಂದೆ ಬರೆದದ್ದು ಓದಿಸುತ್ತೇನೆ. ಸಾಮಾನ್ಯ ಚ್ಯವನಪ್ರಾಶದಲ್ಲಿ ಸಕ್ಕರೆಯೇ ಜಾಸ್ತಿ. ಶುಗರ್ ಹತೋಟಿ ತಪ್ಪಿದರೆ ಸೋಂಕಿನ ಜೊತೆ ಹೋರಾಡುವ ಶಕ್ತಿಯೇ ಕಡಿಮೆಯಾಗುತ್ತದೆ. ಅಂದರೆ ಯಾವುದಕ್ಕೆ ಅಂತ ತಗೊಂಡರೋ ಅದಕ್ಕೇ ಏಟು.

ಝಿಂಕ್, ವಿಟಮಿನ್ ಡಿ ಮಾತ್ರೆಗಳೂ ಹಾಗೆ. ದೇಹದಲ್ಲಿ ಕೊರತೆ ಇದ್ದವರಿಗೆ ಅವು ಔಷಧಿ. ಕೊರತೆ ಇಲ್ಲದವರು ನುಂಗಿದರೆ ದುಡ್ಡು ದಂಡ, ಮಿತಿ ಮೀರಿದರೆ ತೊಂದರೆಯೂ ಆಗಬಹುದು.

ಅಮೃತಬಳ್ಳಿ ವಿಷಯ ಒಂದು ಹೇಳಬೇಕು. 2021ರಲ್ಲಿ ಮುಂಬೈ ಡಾಕ್ಟರುಗಳು ಅದನ್ನು ತಿಂಗಳುಗಟ್ಟಲೆ ಕುಡಿದ ಕೆಲವರ ಲಿವರ್ ಕೆಟ್ಟದ್ದನ್ನು ವರದಿ ಮಾಡಿದರು. ಆಯುಷ್ ಇಲಾಖೆ ಒಪ್ಪಲಿಲ್ಲ, ಅದು ಬೇರೆ ಗಿಡ ಇರಬಹುದು ಅಂದಿತು. ನನ್ನ ಸಲಹೆ: ಲಿವರ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ದಿನಾ ಕುಡಿಯಬೇಡಿ.

ಕಪ್ಪುಕೋಟು, ಹೈಕೋರ್ಟ್ ಪೀಠ ಕಲಬುರಗಿ

ಮೇಷ್ಟ್ರೇ ನಮಸ್ಕಾರ. ನಿಮ್ಮ ಪ್ರಶ್ನೆ ನಮ್ಮ ಕಡೆಗೂ ಸರಿಯಾಗಿ ಹೊಂದುತ್ತದೆ. ಕಾನೂನಿನ ಇಮ್ಯುನಿಟಿಯೂ ಇಂಥದ್ದರಿಂದ, ಇಂಥವರಿಗೆ, ಇಷ್ಟು ದಿನ ಅಂತ ಬರೆದೇ ಇರುತ್ತದೆ.

ರಾಜ್ಯಪಾಲರದ್ದು ಸಂವಿಧಾನದ 361ನೇ ವಿಧಿ. ರಾಷ್ಟ್ರಪತಿಗೂ ಅದೇ. ಹುದ್ದೆಯಲ್ಲಿ ಇರುವಷ್ಟು ದಿನ ಅವರ ಮೇಲೆ ಕ್ರಿಮಿನಲ್ ಕೇಸು ನಡೆಸುವ ಹಾಗಿಲ್ಲ, ಬಂಧಿಸುವ ಹಾಗಿಲ್ಲ. ಸ್ವಂತ ವ್ಯವಹಾರದ ಸಿವಿಲ್ ದಾವೆ ಹಾಕಬಹುದು, ಆದರೆ ಎರಡು ತಿಂಗಳು ಮುಂಚೆ ಲಿಖಿತ ನೋಟಿಸು ಕೊಡಬೇಕು. ಹುದ್ದೆ ಇಳಿದ ಮರುದಿನ ಈ ರಕ್ಷಣೆ ಮುಗಿಯಿತು. ಮುಖ್ಯಮಂತ್ರಿಗೆ, ಪ್ರಧಾನಿಗೆ ಈ ವಿಧಿ ಇಲ್ಲವೇ ಇಲ್ಲ. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ.

ಇನ್ನೊಂದು ಸೂಕ್ಷ್ಮ. ರಕ್ಷಣೆ ಆ ವ್ಯಕ್ತಿಗೆ. ಅವರು ಕೈಗೊಂಡ ತೀರ್ಮಾನವನ್ನು ಕೋರ್ಟು ನೋಡಬಹುದು. ನಮ್ಮ ರಾಜ್ಯದ ಬೊಮ್ಮಾಯಿ ಸರ್ಕಾರ 1989ರಲ್ಲಿ ವಜಾ ಆಯಿತು. ರಾಷ್ಟ್ರಪತಿ ಆಳ್ವಿಕೆ ಹೇರಿದ್ದನ್ನೂ ಪರಿಶೀಲಿಸಬಹುದು ಅಂತ 1994ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇವತ್ತಿಗೂ ದೇಶದಲ್ಲಿ ಎಲ್ಲಿ ಸರ್ಕಾರ ಬಿದ್ದರೂ ವಕೀಲರು ಮೊದಲು ಬಿಡಿಸುವ ತೀರ್ಪು ಅದೇ.

ವಿದೇಶಿ ರಾಯಭಾರಿಗಳದ್ದು 1961ರ ವಿಯೆನ್ನಾ ಒಪ್ಪಂದ. ಅಲ್ಲಿ ರಕ್ಷಣೆ ಅಧಿಕಾರಿಯ ಆಸ್ತಿಯಲ್ಲ, ಅವನನ್ನು ಕಳಿಸಿದ ದೇಶದ್ದು. 1997ರಲ್ಲಿ ವಾಷಿಂಗ್ಟನ್‌ನಲ್ಲಿ ಜಾರ್ಜಿಯಾ ದೇಶದ ರಾಯಭಾರ ಕಚೇರಿಯ ಅಧಿಕಾರಿಯೊಬ್ಬ ಕುಡಿದು ಕಾರು ಓಡಿಸಿ 16 ವರ್ಷದ ಹುಡುಗಿಯನ್ನು ಕೊಂದ. ಅವನ ದೇಶವೇ ರಕ್ಷಣೆ ಹಿಂದಕ್ಕೆ ತೆಗೆದುಕೊಂಡಿತು. ಅವನು ಅಮೆರಿಕದ ಜೈಲಿಗೆ ಹೋದ.

ನಿಮ್ಮ ದೇಹದ ಇಮ್ಯುನಿಟಿಗೂ ನಮ್ಮದಕ್ಕೂ ಇಲ್ಲೇ ದೊಡ್ಡ ಅಂತರ ಅನ್ನಿಸುತ್ತದೆ. ನಮ್ಮದನ್ನು ಕೊಟ್ಟವರು ಒಂದು ಸಹಿಯಲ್ಲಿ ವಾಪಸ್ ಪಡೆಯಬಹುದು.

ಸುರಪುರದ ಓದುಗ

ವಕೀಲ ಮೇಡಂ, ಎಲ್ಲಾ ಸರಿ. ಆದರೆ ದೊಡ್ಡವರಿಗೆ ಮಾತ್ರ ಯಾಕೆ? ಶಾಸಕ, ಸಂಸದ, ಅಧಿಕಾರಿ, ಎಲ್ಲರಿಗೂ ಒಂದೊಂದು ರಕ್ಷಣೆ. ರೈತ ಬ್ಯಾಂಕ್ ಕಂತು ತಪ್ಪಿಸಿದರೆ ಮನೆ ಬಾಗಿಲಿಗೆ ನೋಟಿಸು. ಇದನ್ನೆಲ್ಲ ಕಿತ್ತು ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ. ಮತ್ತೆ ನಮ್ಮ ಭಾಗಕ್ಕೆ 371 ಜೆ ಸಿಕ್ಕಿದೆಯಲ್ಲ, ಅದೂ ಇದೇ ಸಾಲಿಗೆ ಬರುತ್ತದಾ?

ಕಪ್ಪುಕೋಟು, ಹೈಕೋರ್ಟ್ ಪೀಠ ಕಲಬುರಗಿ

ಅಣ್ಣಾ, 371 ಜೆ ಬೇರೆ. ಅದು ನಮ್ಮ ಭಾಗಕ್ಕೆ ಓದು, ನೌಕರಿಯಲ್ಲಿ ಮೀಸಲು ಮತ್ತು ಅಭಿವೃದ್ಧಿ ಮಂಡಳಿ ಕೊಟ್ಟ ವಿಧಿ. ಇಮ್ಯುನಿಟಿ 361.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಎಲ್ಲವನ್ನೂ ಕಿತ್ತರೆ ಪೆಟ್ಟು ಬೀಳುವುದು ನಮಗೇ. ಸುರಪುರದ ಶಾಸಕರು ಸದನದಲ್ಲಿ ಎದ್ದು "ಈ ಕಾಲುವೆ ಕೆಲಸದಲ್ಲಿ ದುಡ್ಡು ತಿಂದಿದ್ದಾರೆ" ಅಂತ ಗುತ್ತಿಗೆದಾರನ ಹೆಸರು ಹೇಳಿದರು ಅಂದುಕೊಳ್ಳಿ. ಮಾರನೇ ದಿನವೇ ಮಾನನಷ್ಟ ಕೇಸು ಬೀಳುವುದಾದರೆ ಯಾರು ಬಾಯಿ ಬಿಡುತ್ತಾರೆ? ಅದಕ್ಕೇ 194ನೇ ವಿಧಿ. ಸದನದಲ್ಲಿ ಆಡಿದ ಮಾತಿಗೆ, ಹಾಕಿದ ಓಟಿಗೆ ಕೋರ್ಟಿನಲ್ಲಿ ಕೇಸಿಲ್ಲ. ಸಂಸತ್ತಿಗೆ 105ನೇ ವಿಧಿ.

ಇದು ಎಲ್ಲಿ ನಿಲ್ಲಬೇಕು ಅನ್ನುವುದರ ಮೇಲೆ ದೊಡ್ಡ ಜಗಳವೇ ಆಗಿದೆ. 1998ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ಮೂವರು, ಲಂಚ ತಗೊಂಡು ಅದರಂತೆ ಓಟು ಹಾಕಿದ ಸಂಸದನಿಗೂ ರಕ್ಷಣೆ ಇದೆ ಅಂದರು. ಪಿ.ವಿ. ನರಸಿಂಹರಾವ್ ಪ್ರಕರಣ ಅದು. ಇನ್ನೂ ವಿಚಿತ್ರ ಅಂದರೆ ಲಂಚ ತಗೊಂಡು ಓಟು ಹಾಕದೆ ಉಳಿದವನಿಗೆ ರಕ್ಷಣೆ ಇಲ್ಲ ಅಂತಾಯಿತು. ಕೊಟ್ಟ ಮಾತು ಉಳಿಸಿಕೊಂಡ ಲಂಚಕೋರ ಪಾರಾದ! ಇಪ್ಪತ್ತಾರು ವರ್ಷ ಅದೇ ಕಾನೂನಾಗಿತ್ತು. 2024ರ ಮಾರ್ಚ್ 4ರಂದು ಸೀತಾ ಸೊರೇನ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ತಳ್ಳಿಹಾಕಿದರು. ಲಂಚಕ್ಕೆ ರಕ್ಷಣೆ ಇಲ್ಲ. ಕೈ ಚಾಚಿದ ಕ್ಷಣವೇ ಅಪರಾಧ, ಓಟು ಹೇಗೆ ಹಾಕಿದ ಅನ್ನುವ ಲೆಕ್ಕ ಬೇಡ.

ಅದಕ್ಕೂ ಮುಂಚೆ 2021ರಲ್ಲಿ ಕೇರಳದ ಪ್ರಕರಣ. ಅಲ್ಲಿನ ವಿಧಾನಸಭೆಯಲ್ಲಿ 2015ರಲ್ಲಿ ಸ್ಪೀಕರ್ ಪೀಠಕ್ಕೆ ಹತ್ತಿ ಕುರ್ಚಿ, ಕಂಪ್ಯೂಟರ್ ಎಲ್ಲ ಒಡೆದಿದ್ದರು. ಸದನದೊಳಗೆ ಆದದ್ದು ಅಂತ ಕೇಸು ಕೈಬಿಡಲು ಸರ್ಕಾರ ಕೇಳಿತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಮಾತಿಗೆ ರಕ್ಷಣೆ ಇದೆ, ಕುರ್ಚಿ ಒಡೆಯುವುದಕ್ಕಿಲ್ಲ.

ಅಧಿಕಾರಿಗಳದ್ದು ಪೂರ್ತಿ ರಕ್ಷಣೆಯಲ್ಲ, ಒಂದು ಅನುಮತಿ. ಕರ್ತವ್ಯದ ಭಾಗವಾಗಿ ಮಾಡಿದ ಕೆಲಸಕ್ಕೆ ಕೇಸು ನಡೆಸಬೇಕಾದರೆ ಸರ್ಕಾರ ಒಪ್ಪಬೇಕು. ಮೊದಲು ಈ ಕಡತ ವರ್ಷಗಟ್ಟಲೆ ಕೊಳೆಯುತ್ತಿತ್ತು. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಸೆಕ್ಷನ್ ಪ್ರಕಾರ 120 ದಿನದಲ್ಲಿ ಸರ್ಕಾರ ಏನೂ ಹೇಳದಿದ್ದರೆ ಅನುಮತಿ ಸಿಕ್ಕಿತು ಅಂತಲೇ ಲೆಕ್ಕ. ದೂರು ಕೊಡುವವರು ಈ ಗಡುವನ್ನು ನೆನಪಿಡಿ. ಬಹಳ ಉಪಯೋಗಕ್ಕೆ ಬರುತ್ತದೆ.

ಸರ್ಕಾರದ ಇಮ್ಯುನಿಟಿ ಅಂತ ಇನ್ನೊಂದಿದೆ. ನನಗೆ ಅದೇ ಎಲ್ಲಕ್ಕಿಂತ ಹೊಟ್ಟೆ ಉರಿಸುವುದು. 1947ರಲ್ಲಿ ಅಮೃತಸರದ ಒಬ್ಬ ಚಿನ್ನದ ವ್ಯಾಪಾರಿ ಮೀರತ್‌ಗೆ ಬಂದ. ಪೊಲೀಸರು ಅನುಮಾನದಿಂದ ಹಿಡಿದು ಅವನ ಹತ್ತಿರ ಇದ್ದ ನೂರು ತೊಲೆ ಮೇಲಿನ ಚಿನ್ನ, ಬೆಳ್ಳಿ ಎಲ್ಲ ಠಾಣೆಯಲ್ಲಿ ಇಟ್ಟುಕೊಂಡರು. ಆಮೇಲೆ ಅವನನ್ನು ಬಿಟ್ಟರು, ಬೆಳ್ಳಿ ವಾಪಸ್ ಬಂತು. ಚಿನ್ನ ಬರಲಿಲ್ಲ. ವಶಪಡಿಸಿಕೊಂಡ ಮಾಲು ಇಡುವ ಮಾಲಖಾನೆಯ ಹೆಡ್ ಕಾನ್‌ಸ್ಟೆಬಲ್ ಅದನ್ನು ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋಗಿದ್ದ. ಕಸ್ತೂರಿಲಾಲ್ ಪ್ರಕರಣ ಅಂತ ಹೆಸರು. 1960ರ ದಶಕದಲ್ಲಿ ಸುಪ್ರೀಂ ಕೋರ್ಟು ಪೊಲೀಸರ ನಿರ್ಲಕ್ಷ್ಯ ನಿಜ ಅಂತ ಒಪ್ಪಿತು. ಆದರೂ ಬಂಧಿಸುವುದು, ವಶಪಡಿಸಿಕೊಳ್ಳುವುದು ರಾಜ್ಯದ ಸಾರ್ವಭೌಮ ಅಧಿಕಾರ, ಸರ್ಕಾರ ದುಡ್ಡು ಕೊಡಬೇಕಿಲ್ಲ ಅಂದಿತು. ಆಮೇಲೆ ಇದು ಕರಗುತ್ತಾ ಬಂತು. ಒಡಿಶಾದಲ್ಲಿ ಪೊಲೀಸ್ ವಶದಲ್ಲಿದ್ದ ಯುವಕ ಸತ್ತಾಗ ಅವನ ತಾಯಿ ನೀಲಬತಿ ಬೆಹೆರಾ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿ ಅಂತ ತೆಗೆದುಕೊಂಡಿತು. 1993ರಲ್ಲಿ ಆ ತಾಯಿಗೆ ಒಂದೂವರೆ ಲಕ್ಷ ರೂಪಾಯಿ ಕೊಡಿಸಿತು. ಜೀವದ ಹಕ್ಕಿನ ಮುಂದೆ ಸರ್ಕಾರದ ಇಮ್ಯುನಿಟಿ ನಡೆಯುವುದಿಲ್ಲ ಅಂತ ಹೇಳಿತು.

ಶಹಾಪುರದ ಸಿಸ್ಟರ್

ಮೇಷ್ಟ್ರು "ಯಾವುದರಿಂದ" ಅಂದರು. ನಾನು ಹಳ್ಳಿಯಲ್ಲಿ ದಿನಾ ಹೇಳುವುದು "ಎಷ್ಟು ದಿನ" ಅಂತ.

ಮಗು ಹುಟ್ಟುವಾಗ ತಾಯಿಯ ರಕ್ತದಿಂದ ಒಂದಿಷ್ಟು ರಕ್ಷಣೆ ತಗೊಂಡು ಬರುತ್ತದೆ. ಎದೆಹಾಲು, ಅದರಲ್ಲೂ ಮೊದಲ ದಿನಗಳ ಗಿಣ್ಣು ಹಾಲು, ಇನ್ನಷ್ಟು ಕೊಡುತ್ತದೆ. ಆದರೆ ರಕ್ತದಲ್ಲಿ ಬಂದದ್ದು ಕೆಲವೇ ತಿಂಗಳಲ್ಲಿ ಕರಗುತ್ತದೆ. ಅದು ಪೂರ್ತಿ ಕರಗುವ ಮುಂಚೆ ದಡಾರದ ಲಸಿಕೆ ಹಾಕಿದರೆ ತಾಯಿಯಿಂದ ಬಂದ ಪ್ರತಿಕಾಯಗಳೇ (ರೋಗಾಣುವನ್ನು ಗುರುತಿಸಿ ಹಿಡಿಯುವ ರಕ್ತದ ಪ್ರೋಟೀನ್) ಲಸಿಕೆಗೆ ಅಡ್ಡ ಬರುತ್ತವೆ. ತಡ ಮಾಡಿದರೆ ಮಗುವಿಗೆ ರೋಗವೇ ಬರಬಹುದು. ಅದಕ್ಕೇ ನಮ್ಮ ದೇಶದಲ್ಲಿ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಮೊದಲ ಡೋಸು 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. "ಇನ್ನೂ ಚಿಕ್ಕದು, ಆಮೇಲೆ ಹಾಕಿಸ್ತೀವಿ" ಅನ್ನುವ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಿದರೆ ಒಪ್ಪುತ್ತಾರೆ.

ನಾಯಿ ಕಡಿತದಲ್ಲಿ ಎರಡು ಥರದ ರಕ್ಷಣೆ ಒಟ್ಟಿಗೆ ಬೇಕಾಗುತ್ತದೆ. ಇದು ಜೀವದ ಪ್ರಶ್ನೆ, ಗಮನವಿಟ್ಟು ಓದಿ. ರೇಬೀಸ್ ಲಸಿಕೆ ಹಾಕಿದ ತಕ್ಷಣ ದೇಹ ತಯಾರಾಗುವುದಿಲ್ಲ, ದಿನಗಳು ಬೇಕು. ಆಳವಾಗಿ ಕಡಿದು ರಕ್ತ ಬಂದಿದ್ದರೆ ಅಷ್ಟು ದಿನ ಕಾಯಲು ಆಗುವುದಿಲ್ಲ. ಅದಕ್ಕೆ ಬೇರೆ ಕಡೆ ತಯಾರಾದ ಪ್ರತಿಕಾಯವನ್ನು, ಇಮ್ಯುನೊಗ್ಲೋಬ್ಯುಲಿನ್ ಅನ್ನುತ್ತಾರೆ, ಗಾಯದ ಸುತ್ತಲೇ ಚುಚ್ಚುತ್ತಾರೆ. ಅದು ಸಾಲ ತಂದ ರಕ್ಷಣೆ, ಕೆಲ ವಾರ ಇರುತ್ತದೆ. ಅಷ್ಟರಲ್ಲಿ ಲಸಿಕೆಯಿಂದ ದೇಹ ತನ್ನದೇ ಪ್ರತಿಕಾಯ ಮಾಡಿಕೊಳ್ಳುತ್ತದೆ. ಇದಕ್ಕೆಲ್ಲ ಮುಂಚೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕು. ಖಾರದ ಪುಡಿ, ಸುಣ್ಣ ಹಚ್ಚಬೇಡಿ. ಗೀರಿದ್ದು ಸಣ್ಣದು ಅಂತ ಸುಮ್ನೆ ಕೂರಬೇಡಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಸುವುದು ಅಸಾಧ್ಯ ಅಂತಲೇ ತಿಳಿಯಿರಿ.

ಹಾವಿನ ಔಷಧಿಯೂ ಸಾಲದ ರಕ್ಷಣೆಯೇ. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು ಅದರ ರಕ್ತದಿಂದ ತೆಗೆಯುತ್ತಾರೆ. ಈ ವರ್ಷ ಅದರಿಂದ ಬದುಕಿದವರಿಗೆ ಮುಂದಿನ ವರ್ಷದ ಕಡಿತಕ್ಕೆ ಏನೂ ಉಳಿದಿರುವುದಿಲ್ಲ.

ಧನುರ್ವಾಯು ಇನ್ನೂ ವಿಚಿತ್ರ. ಅದು ಬಂದು ಬದುಕಿದವರಿಗೂ ಮತ್ತೆ ಬರಬಹುದು. ಅದರ ವಿಷ ಎಷ್ಟು ತೀಕ್ಷ್ಣ ಅಂದರೆ ಪ್ರಾಣ ತೆಗೆಯುವಷ್ಟು ಪ್ರಮಾಣವೂ ದೇಹಕ್ಕೆ ಪಾಠ ಕಲಿಸಲು ಸಾಲದು. ಊರಿನ ಎಲ್ಲರೂ ಲಸಿಕೆ ಹಾಕಿಸಿಕೊಂಡರೂ ಹಾಕಿಸಿಕೊಳ್ಳದ ಒಬ್ಬನಿಗೆ ಲಾಭವಿಲ್ಲ. ಯಾಕೆಂದರೆ ರೋಗಾಣು ಇರುವುದು ಮಣ್ಣಿನಲ್ಲಿ, ಜನರಲ್ಲಿ ಅಲ್ಲ. ದಡಾರ ಇದಕ್ಕೆ ಪೂರ್ತಿ ಉಲ್ಟಾ. ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸು ಆದರೆ ಲಸಿಕೆ ಹಾಕಲಾಗದ ಹಸುಗೂಸೂ ಉಳಿಯುತ್ತದೆ.

ದೇವಣಿ ಹೋರಿ, ಬೀದರ

ನಾನು ಇಲ್ಲಿ ನಂದಿನಗರದ ಪಶು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ. ದನಗಳ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬಂದೆ.

2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ದನಗಳಿಗೆ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ. ರೈತರು ಅನುಮಾನದಿಂದ ಕೇಳುತ್ತಿದ್ದರು, ಮೇಕೆಯದ್ದು ಆಕಳಿಗೆ ಯಾಕೆ ಅಂತ. ಎರಡೂ ವೈರಸ್ ಒಂದೇ ಕುಟುಂಬದವು. ದೇಹ ಒಂದನ್ನು ಗುರುತಿಟ್ಟುಕೊಂಡರೆ ಅದರ ಸೋದರನನ್ನೂ ಹಿಡಿಯುತ್ತದೆ. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಮಾಡಿದ್ದೂ ಇದನ್ನೇ. ಹಾಲು ಕರೆಯುವವಳ ಕೈಯ ಹಸುವಿನ ಸಿಡುಬಿನ ಕೀವು ತೆಗೆದು ಎಂಟು ವರ್ಷದ ಹುಡುಗನಿಗೆ ಚುಚ್ಚಿದರು. ಆಮೇಲೆ ಮನುಷ್ಯರ ಸಿಡುಬು ಅವನಿಗೆ ಹತ್ತಲಿಲ್ಲ.

ಆದರೆ ಕಾಲುಬಾಯಿ ಜ್ವರದಲ್ಲಿ ಈ ಸೋದರ ಸಂಬಂಧ ಕೆಲಸ ಮಾಡುವುದಿಲ್ಲ. ನಮ್ಮಲ್ಲಿ ಲಸಿಕೆಯೊಳಗೆ ಓ, ಎ, ಏಷ್ಯಾ-1 ಅಂತ ಮೂರು ಬಗೆ ಸೇರಿಸುತ್ತಾರೆ. ಒಂದಕ್ಕೆ ಬಂದ ರಕ್ಷಣೆ ಇನ್ನೊಂದಕ್ಕೆ ಆಗುವುದಿಲ್ಲ. ಅದೂ ಹೆಚ್ಚು ದಿನ ನಿಲ್ಲುವುದಿಲ್ಲ, ಆರು ತಿಂಗಳಿಗೊಮ್ಮೆ ಹಾಕಿಸಲೇಬೇಕು. "ಹೋದ ಸಲ ಹಾಕಿಸಿದೀವಲ್ಲ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ದಯವಿಟ್ಟು ಹಾಕಿಸಿ. ಹಾಲು ಕಡಿಮೆಯಾಗುತ್ತೆ ಅಂತ ಹಿಂಜರಿಯುತ್ತಾರೆ. ಕಡಿಮೆಯಾದರೂ ಕೆಲ ದಿನ ಮಾತ್ರ. ರೋಗ ಬಂದರೆ ಆ ಸೂಲೇ ಹೋಯಿತು.

ಹಿರಿಯರು ದೊಡ್ಡ ರೋಗ ಅನ್ನುತ್ತಿದ್ದ ರಿಂಡರ್‌ಪೆಸ್ಟ್‌ಗೆ ಒಂದು ಲಸಿಕೆಯಲ್ಲಿ ಹೆಚ್ಚು ಕಡಿಮೆ ಜೀವನಪೂರ್ತಿ ರಕ್ಷಣೆ ಸಿಗುತ್ತಿತ್ತು. ಅದಕ್ಕೇ ಅದು ಭೂಮಿಯಿಂದಲೇ ಹೋಯಿತು, 2011ರಲ್ಲಿ ಹಾಗಂತ ಘೋಷಿಸಿದರು. ಸಿಡುಬು ಬಿಟ್ಟರೆ ಹಾಗೆ ಪೂರ್ತಿ ಅಳಿಸಿದ ರೋಗ ಅದೊಂದೇ.

ತೊಗರಿ ಹೊಲ, ಆಳಂದ

ತಮ್ಮಾ, ಬೆಳೆಗೂ ಹಾಗೇ. ಗಿಡ ಬಾಡಿ ಒಣಗಿಸುವ ನೆಟೆ ರೋಗ ತಡೆಯುತ್ತದೆ ಅಂತ ಕಲಬುರಗಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ತಳಿಯ ತೊಗರಿ ಬಿತ್ತಿದೆವು. ನೆಟೆ ನಿಜವಾಗಿ ಕಡಿಮೆ ಆಯಿತು. ಆದರೆ ಹೂ, ಕಾಯಿ ಬಿಡದಂತೆ ಮಾಡುವ ಗೊಡ್ಡು ರೋಗ ಬಿಡಲಿಲ್ಲ, ಕಾಯಿಕೊರಕ ಹುಳವೂ ಬಿಡಲಿಲ್ಲ. ಅಂಗಡಿಯವರು "ಇದಕ್ಕೆ ಯಾವ ರೋಗವೂ ಬರಲ್ಲ" ಅಂತ ಬೀಜ ಮಾರುತ್ತಾರೆ. ಯಾವ ರೋಗ ಅಂತ ಹೆಸರು ಹೇಳಿಸಿಯೇ ಚೀಲ ತಗೊಳ್ಳಿ. ಮೇಷ್ಟ್ರೇ, ಗಿಡಕ್ಕೂ ನೆನಪು ಅಂತ ಇರುತ್ತದಾ?

ಜೀವಶಾಸ್ತ್ರ ಮೇಷ್ಟ್ರು, ಕಲಬುರಗಿ

ಕಾಕಾ, ಗಿಡಕ್ಕೆ ನಮ್ಮ ಹಾಗೆ ರಕ್ತದಲ್ಲಿ ಓಡಾಡುವ ಕಣಗಳಾಗಲಿ ಪ್ರತಿಕಾಯಗಳಾಗಲಿ ಇಲ್ಲ. ಒಂದು ಎಲೆಗೆ ರೋಗ ತಗುಲಿದರೆ ಉಳಿದ ಭಾಗಗಳು ಸ್ವಲ್ಪ ಕಾಲ ಎಚ್ಚರವಾಗುವುದು ನಿಜ. ಆದರೆ ನಿಮ್ಮ ತೊಗರಿಯ ನೆಟೆ ನಿರೋಧಕತೆ ಬೀಜದಲ್ಲೇ ಬಂದದ್ದು, ಬದುಕಿನಲ್ಲಿ ಕಲಿತದ್ದಲ್ಲ.

ಕೀಲುನೋವಿನ ಅಕ್ಕ, ಹುಮನಾಬಾದ್

ನನಗೆ ರುಮಟಾಯ್ಡ್ ಸಂಧಿವಾತ. ನನ್ನದೇ ರೋಗನಿರೋಧಕ ಶಕ್ತಿ ನನ್ನ ಕೀಲುಗಳನ್ನು ಶತ್ರು ಅಂದುಕೊಂಡು ತಿನ್ನುತ್ತಿದೆ ಅಂತ ಡಾಕ್ಟರ್ ಹೇಳಿದರು. ಬೆಳಗ್ಗೆ ಎದ್ದರೆ ಬೆರಳು ಮಡಚಲು ಆಗುವುದಿಲ್ಲ, ಬಿಸಿ ನೀರಲ್ಲಿ ಕೈ ಇಟ್ಟುಕೊಂಡು ಕೂತ ಮೇಲೆಯೇ ರೊಟ್ಟಿ ಹಿಟ್ಟು ನಾದುವುದು. ಆ ಶಕ್ತಿಯನ್ನು ತಗ್ಗಿಸಲು ವಾರಕ್ಕೊಂದು ದಿನ ಮೆಥೊಟ್ರೆಕ್ಸೇಟ್ ಮಾತ್ರೆ ತಗೊಳ್ಳುತ್ತೇನೆ. ಮನೆಗೆ ಬಂದವರೆಲ್ಲ "ನಿನ್ನ ಇಮ್ಯುನಿಟಿ ವೀಕ್ ಆಗಿದೆ, ಬೂಸ್ಟರ್ ತಗೋ" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ನನ್ನ ಕಷ್ಟವೇ ಅದು ಜಾಸ್ತಿ ಆದದ್ದು, ದಾರಿ ತಪ್ಪಿದ್ದು. ಇಮ್ಯುನಿಟಿ ಹೆಚ್ಚಾದಷ್ಟೂ ಒಳ್ಳೆಯದು ಅನ್ನುವ ಮಾತನ್ನು ದಯವಿಟ್ಟು ಯಾರೂ ಹಬ್ಬಿಸಬೇಡಿ.

ಜೀವಶಾಸ್ತ್ರ ಮೇಷ್ಟ್ರು, ಕಲಬುರಗಿ

ಅಕ್ಕಾ, ನೀವು ಬರೆದದ್ದನ್ನು ನಾಳೆಯೇ ಕ್ಲಾಸಿನಲ್ಲಿ ಓದುತ್ತೇನೆ. ಚಿಕ್ಕ ಮಕ್ಕಳಿಗೆ ಬರುವ ಟೈಪ್-1 ಸಕ್ಕರೆ ಕಾಯಿಲೆಯೂ ಹೀಗೇ, ಇನ್ಸುಲಿನ್ ಮಾಡುವ ಕಣಗಳನ್ನು ದೇಹವೇ ಕೊಲ್ಲುತ್ತದೆ. ಡೆಂಗಿಯಲ್ಲಿ ಇನ್ನೊಂದು ಥರ. ಅದರಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದವರಿಗೆ ಇನ್ನೊಂದು ಬಗೆ ತಗುಲಿದರೆ ಹಳೆಯ ಪ್ರತಿಕಾಯಗಳೇ ರೋಗವನ್ನು ಉಗ್ರ ಮಾಡಬಹುದು.

ವಕೀಲ ಮೇಡಂ, ದೇಹದ್ದನ್ನು ವಾಪಸ್ ಪಡೆಯಲು ಆಗುವುದಿಲ್ಲ ಅನ್ನುವ ಹಾಗೆ ಬರೆದಿರಿ. ದಡಾರ ಅದನ್ನೂ ಮಾಡುತ್ತದೆ! ದಡಾರದ ವೈರಸ್ ನೆನಪಿನ ಕಣಗಳನ್ನೇ ಹುಡುಕಿ ನಾಶ ಮಾಡುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಸಿಕೆ ಇಲ್ಲದೆ ದಡಾರ ಬಂದ ಮಕ್ಕಳ ರಕ್ತ ನೋಡಿದರು. ಬೇರೆ ರೋಗಗಳ ವಿರುದ್ಧ ಇದ್ದ ಪ್ರತಿಕಾಯಗಳಲ್ಲಿ ಶೇಕಡಾ 11ರಿಂದ 73ರಷ್ಟು ಅಳಿಸಿಹೋಗಿದ್ದವು. ದಡಾರ ವಾಸಿಯಾದ ಮೇಲೂ ಮಗು ಮೇಲಿಂದ ಮೇಲೆ ಕಾಯಿಲೆ ಬೀಳುವುದಕ್ಕೆ ಇದು ಕಾರಣ. "ದಡಾರ ಬಂದು ಹೋಗಲಿ ಬಿಡು, ಮಗು ಗಟ್ಟಿಯಾಗುತ್ತೆ" ಅನ್ನುವ ಮಾತಿಗೆ ಇದೇ ಉತ್ತರ.

ಕಾನೂನು, ಲಸಿಕೆ ಎರಡೂ ಒಂದೇ ಕಡೆ ಸಿಗುವ ಒಂದು ಪ್ರಸಂಗ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 1896ರಲ್ಲಿ ಮುಂಬೈಗೆ ಪ್ಲೇಗು ಬಂತು. ವಾಲ್ಡೆಮಾರ್ ಹಾಫ್‌ಕಿನ್ ಅಂತ ವಿಜ್ಞಾನಿ ಅಲ್ಲೇ ಕೂತು ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ತಿಂಗಳೊಳಗೆ, ಫೆಬ್ರವರಿ 4ಕ್ಕೆ, ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಬೆರಳೆಣಿಕೆಯ ಸೆಕ್ಷನ್‌ಗಳ ಪುಟ್ಟ ಕಾಯ್ದೆ. ಅದರ ನಾಲ್ಕನೇ ಸೆಕ್ಷನ್: ಈ ಕಾಯ್ದೆಯಡಿ ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಯಾರ ಮೇಲೂ ದಾವೆ ಇಲ್ಲ. ರೋಗದಿಂದ ರಕ್ಷಣೆ ಜನರಿಗೆ, ಕೇಸಿನಿಂದ ರಕ್ಷಣೆ ಅಧಿಕಾರಿಗಳಿಗೆ, ಎರಡೂ ಒಂದು ತಿಂಗಳ ಅಂತರದೊಳಗೆ ಹುಟ್ಟಿದವು. 2020ರಲ್ಲಿ ಕೊರೊನಾ ಬಂದಾಗಲೂ ದೇಶ ಇದೇ ಕಾಯ್ದೆಯನ್ನು ಹೊರತೆಗೆಯಿತು.

1902ರ ಅಕ್ಟೋಬರಿನಲ್ಲಿ ಪಂಜಾಬಿನ ಮಲ್ಕೋವಾಲ್ ಹಳ್ಳಿಯಲ್ಲಿ ಪ್ಲೇಗಿನ ಲಸಿಕೆ ಹಾಕಿಸಿಕೊಂಡವರಲ್ಲಿ 19 ಜನ ಧನುರ್ವಾಯು ಬಂದು ಸತ್ತರು. ಎಲ್ಲರಿಗೂ ಚುಚ್ಚಿದ್ದು ಒಂದೇ ಬಾಟಲಿಯಿಂದ. ಅದೇ ಲಸಿಕೆಯ ಬೇರೆ ಬಾಟಲಿಗಳಿಂದ ಹಾಕಿಸಿಕೊಂಡವರು ಚೆನ್ನಾಗಿದ್ದರು. ದೋಷವನ್ನು ಹಾಫ್‌ಕಿನ್ ಪ್ರಯೋಗಾಲಯದ ಮೇಲೆ ಹೊರಿಸಿ ಅವರನ್ನು ಕೆಲಸದಿಂದ ತೆಗೆದರು. ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡದೆ ಬಳಸಿದ್ದ ಅನ್ನುವುದು ಆಮೇಲೆ ಹೊರಬಂತು. ಸಿಸ್ಟರ್ ಹೇಳಿದರಲ್ಲ, ಧನುರ್ವಾಯು ಮಣ್ಣಿನಲ್ಲಿ ಇರುತ್ತದೆ ಅಂತ. ಮಲೇರಿಯಾ ವಿಜ್ಞಾನಿ ರೊನಾಲ್ಡ್ ರಾಸ್ ಮುಂತಾದವರು ಲಂಡನ್ ಪತ್ರಿಕೆಯಲ್ಲಿ ಬರೆದು ಹೋರಾಡಿದ ಮೇಲೆ 1907ರಲ್ಲಿ ಹಾಫ್‌ಕಿನ್ ನಿರ್ದೋಷಿ ಅಂತಾಯಿತು. ಐದು ವರ್ಷ! ಸದುದ್ದೇಶದ ಕೆಲಸಕ್ಕೆ ಕೇಸಿಲ್ಲ ಅನ್ನುವ ಸೆಕ್ಷನ್ ಪುಸ್ತಕದಲ್ಲಿತ್ತು. ಕೆಲಸ, ಹೆಸರು ಹೋಗುವುದನ್ನು ಅದು ತಡೆಯಲಿಲ್ಲ.

ಟಂಟಂ ಡ್ರೈವರ್, ಜೇವರ್ಗಿ ರಸ್ತೆ

ನನ್ನದು ಸಣ್ಣ ಪ್ರಶ್ನೆ. ರಸ್ತೆಯಲ್ಲಿ ಅಪಘಾತ ಆದವರನ್ನು ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರೆ ಪೊಲೀಸರು ನಮ್ಮನ್ನೇ ಕೂರಿಸುತ್ತಾರೆ ಅಂತ ನಮ್ಮ ಸ್ಟ್ಯಾಂಡಿನವರು ಹೆದರುತ್ತಾರೆ. ದಾರಿಯಲ್ಲಿ ಆ ಮನುಷ್ಯ ಸತ್ತರೆ ಕೇಸು ನಮ್ಮ ಮೇಲಾ?

ಕಪ್ಪುಕೋಟು, ಹೈಕೋರ್ಟ್ ಪೀಠ ಕಲಬುರಗಿ

ಇಲ್ಲ ಅಣ್ಣಾ, ಇಲ್ಲ. ಸುರಪುರದ ಅಣ್ಣನೂ ಓದಲಿ, ದೊಡ್ಡವರಿಗೆ ಮಾತ್ರವಲ್ಲ, ನಿಮಗೂ ಇಮ್ಯುನಿಟಿ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಸೆಕ್ಷನ್ ಸೇರಿಸಿದ್ದಾರೆ. ಪ್ರತಿಫಲ ಬಯಸದೆ, ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ಸಹಾಯ ಮಾಡಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಕೇಸಿಲ್ಲ. ಎತ್ತುವಾಗ, ಸಾಗಿಸುವಾಗ ಏನಾದರೂ ಹೆಚ್ಚು ಕಡಿಮೆ ಆದರೂ ಇಲ್ಲ. ಹೆಸರು, ವಿಳಾಸ ಹೇಳು ಅಂತ ಒತ್ತಾಯಿಸುವ ಹಾಗಿಲ್ಲ. ಅದಕ್ಕೂ ಮುಂಚೆ 2016ರಲ್ಲೇ ಸುಪ್ರೀಂ ಕೋರ್ಟು ಇಂಥ ನಿಯಮಗಳನ್ನು ಎತ್ತಿ ಹಿಡಿದಿತ್ತು, ನಮ್ಮ ಕರ್ನಾಟಕ ತನ್ನದೇ ಕಾಯ್ದೆಯನ್ನೂ ಮಾಡಿದೆ. ಗುದ್ದಿದವನಿಗೆ ಮಾತ್ರ ಈ ರಕ್ಷಣೆ ಇಲ್ಲ. ನಿಮ್ಮ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿ. ಬೇಕಾದರೆ ಒಂದು ಭಾನುವಾರ ಬಂದು ನಾನೇ ಮಾತಾಡುತ್ತೇನೆ.

ನಿವೃತ್ತ ಆರೋಗ್ಯ ನಿರೀಕ್ಷಕ, ಯಾದಗಿರಿ

ಚರ್ಚೆ ಚೆನ್ನಾಗಿದೆ. ಇಮ್ಯುನಿಟಿಯೇ ಬರದ ರೋಗವೂ ಇತ್ತು, ಚಿಕ್ಕವರಿಗೆ ಗೊತ್ತಿಲ್ಲ. ನಾರುಹುಣ್ಣು. ಮೆಟ್ಟಿಲು ಬಾವಿಯ ನೀರು ಕುಡಿದರೆ ಸುಮಾರು ಒಂದು ವರ್ಷಕ್ಕೆ ಕಾಲಿನಿಂದ ಬಿಳಿ ದಾರದಂಥ ಹುಳ ಹೊರಗೆ ಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆಯಬೇಕು, ಹರಿದರೆ ಕಾಲು ಬಾತು ಕೀವಾಗುತ್ತದೆ. ಈ ವರ್ಷ ಬಂದವರಿಗೆ ಮುಂದಿನ ವರ್ಷವೂ ಬರುತ್ತಿತ್ತು. ದೇಹ ಏನೂ ಕಲಿಯುತ್ತಿರಲಿಲ್ಲ. ಲಸಿಕೆ ಇಲ್ಲ, ಕೊಲ್ಲುವ ಔಷಧಿಯೂ ಇಲ್ಲ. ಆದರೂ ದೇಶದಿಂದ ಓಡಿಸಿದೆವು. ನೀರು ಬಟ್ಟೆಯಲ್ಲಿ ಸೋಸಿಸಿದರು, ಬೋರ್‌ವೆಲ್ ಹಾಕಿಸಿದರು, ಬಾವಿಗೆ ಮೆಟ್ಟಿಲಿಳಿದು ಕಾಲಿಡುವುದನ್ನು ತಪ್ಪಿಸಿದರು. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಅಂತ ಪ್ರಮಾಣಪತ್ರ ಬಂತು.

ಮಕ್ಕಳ ವಿಷಯಕ್ಕೆ ಬಂದರೆ, 2021ರ ಡಿಸೆಂಬರಿನಿಂದ ನಮ್ಮ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದರಲ್ಲ, ಅದು ಯಾವ ಡಬ್ಬಿಗಿಂತ ದೊಡ್ಡ ಕೆಲಸ. ಊಟದಲ್ಲಿ ಪ್ರೋಟೀನ್ ಕಡಿಮೆಯಾದ ಮಗುವಿನ ದೇಹ ಪ್ರತಿಕಾಯವನ್ನು ಯಾವುದರಿಂದ ಮಾಡಬೇಕು?

ಎಳೆ ತಾಯಿ, ಗುರುಮಠಕಲ್

ಶಹಾಪುರದ ಅಕ್ಕಾವ್ರೇ, ನಾವು ದುಡಿಯಲು ಹೈದರಾಬಾದಿಗೆ ಹೋಗಿದ್ದೆವು. ಮಗಳಿಗೆ ಎಂಆರ್ ಒಂದೇ ಡೋಸು ಆಗಿದೆ, ಎರಡನೆಯದು ತಪ್ಪಿದೆ. ಈಗ ಅವಳಿಗೆ ಮೂರು ವರ್ಷ. ಹೋದರೆ ಬೈಯುತ್ತಾರೆ ಅಂತ ಹೋಗಿಲ್ಲ. ಈಗ ಹಾಕುತ್ತಾರಾ? ಮೊದಲಿನಿಂದ ಶುರು ಮಾಡಬೇಕಾ?

ಶಹಾಪುರದ ಸಿಸ್ಟರ್

ಹಾಕುತ್ತಾರಮ್ಮಾ. ಐದು ವರ್ಷ ತುಂಬುವವರೆಗೆ ಎಂಆರ್ ಉಚಿತವಾಗಿ ಹಾಕುತ್ತಾರೆ. ಮೊದಲಿನಿಂದ ಶುರು ಮಾಡಬೇಕಿಲ್ಲ, ಉಳಿದ ಒಂದು ಡೋಸು ಸಾಕು. ಡಿಪಿಟಿ ಬೂಸ್ಟರ್, ಪೋಲಿಯೋ ಬೂಸ್ಟರ್ ಕೂಡ ಅದೇ ವಯಸ್ಸಿನವು, ಅವೂ ತಪ್ಪಿರಬಹುದು, ಕೇಳಿ. ವಿಟಮಿನ್ ಎ ಹನಿಯೂ ಬಾಕಿ ಇರುತ್ತದೆ. ತಾಯಿ ಕಾರ್ಡ್ ಇದ್ದರೆ ತಗೊಂಡು ಹೋಗಿ. ಕಳೆದಿದ್ದರೂ ಹೋಗಿ, ಹೊಸದು ಬರೆದುಕೊಡುತ್ತಾರೆ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ಇವತ್ತೇ ಹೇಳಿಡಿ, ಗುರುವಾರ ಅಂಗನವಾಡಿಗೆ ಲಸಿಕೆ ಬರುತ್ತದೆ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ರಾತ್ರಿ ಮೈ ಬಿಸಿಯಾದರೆ ಹೆದರಬೇಡಿ, ಅವರು ಕೊಟ್ಟ ಪ್ಯಾರಾಸಿಟಮಾಲ್ ಅವರು ಹೇಳಿದಷ್ಟೇ ಕೊಡಿ. ಯಾರಾದರೂ ಬೈದರೆ ಇಲ್ಲಿ ಬರೆಯಿರಿ, ನಾನು ಅಲ್ಲಿಯ ಸಿಸ್ಟರ್ ಜೊತೆ ಮಾತಾಡುತ್ತೇನೆ.